ತಾರೀಖು ನೋಡಿ ಕೂಡಿದರೆ ಸೊನ್ನೆ ಯಾಕೆ?

ಪ್ರಶ್ನೆ: ಎಕ್ಸೆಲ್‌ನಲ್ಲಿ ಕೆಲಸಗಳ ಪಟ್ಟಿ ಇಟ್ಟಿದ್ದೇನೆ. ಎ ಕಾಲಮ್‌ನಲ್ಲಿ ಕೆಲಸ ಶುರುವಾದ ದಿನ, ಬಿಯಲ್ಲಿ ಮುಗಿದ ದಿನ, ಸಿಯಲ್ಲಿ ಹಿಡಿದ ಗಂಟೆಗಳು. 2024ರ ಮಾರ್ಚ್‌ನಲ್ಲಿ ಶುರುವಾಗಿ ಏಪ್ರಿಲ್ 15ರೊಳಗೆ ಮುಗಿದ ಕೆಲಸಗಳ ಗಂಟೆ ಮಾತ್ರ ಕೂಡಬೇಕು. ಮಾರ್ಚ್ 1, ಮಾರ್ಚ್ 31, ಏಪ್ರಿಲ್ 15 ಇವನ್ನು ಎಫ್1, ಎಫ್2, ಎಫ್3ರಲ್ಲಿ ಬರೆದು, ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ (SUMIFS) ಫಾರ್ಮುಲಾದಲ್ಲಿ ">=ಎಫ್1" ಅಂತ ಷರತ್ತು ಕೊಟ್ಟೆ. ಎರರ್ ಏನೂ ಬರಲಿಲ್ಲ. ಆದರೆ ಉತ್ತರ ಸೊನ್ನೆ!

ಉತ್ತರ: ಎರರ್ ಬಂದಿದ್ದರೆ ಒಳ್ಳೇದಿತ್ತು, ಎಲ್ಲೋ ಎಡವಿದ್ದೀರಿ ಅಂತ ಗೊತ್ತಾಗುತ್ತಿತ್ತು. ಕೊಟೇಶನ್ ಗುರುತಿನ ಒಳಗೆ ಎಫ್1 ಅಂತ ಬರೆದರೆ ಅದು ಸೆಲ್ ಆಗಿ ಉಳಿಯುವುದಿಲ್ಲ, ಬರೀ ಎರಡು ಅಕ್ಷರ ಆಗುತ್ತದೆ. ಆ ಅಕ್ಷರಕ್ಕಿಂತ ದೊಡ್ಡ ತಾರೀಖು ಯಾವುದಿದೆ ಅಂತ ಎಕ್ಸೆಲ್ ಪಾಪ ನಿಷ್ಠೆಯಿಂದ ಹುಡುಕುತ್ತದೆ. ಒಂದೂ ಸಿಗುವುದಿಲ್ಲ. ಹಾಗಾಗಿ ಸೊನ್ನೆ. ಹೋಲಿಕೆಯ ಗುರುತು ಮಾತ್ರ ಕೊಟೇಶನ್ ಒಳಗಿರಲಿ, ಸೆಲ್ ಹೊರಗೆ ಬರಲಿ, ನಡುವೆ & ಹಾಕಿ:

=ಸಮ್‌ಇಫ್ಸ್(ಸಿ2:ಸಿ400, ಎ2:ಎ400, ">="&ಎಫ್1, ಎ2:ಎ400, "<"&ಎಫ್2+1, ಬಿ2:ಬಿ400, "<"&ಎಫ್3+1)

(ಇಲ್ಲಿ ಕನ್ನಡದಲ್ಲಿ ಅಚ್ಚಾಗಿದೆ. ಶೀಟಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.)

ಎ ಕಾಲಮ್ ಎರಡು ಸಲ ಬಂದಿದೆ ಅಂತ ಗಾಬರಿ ಬೇಡ. ಒಂದೇ ಕಾಲಮ್‌ಗೆ ಎಷ್ಟು ಷರತ್ತು ಬೇಕಾದರೂ ಹಾಕಬಹುದು. ಎಲ್ಲವೂ ಒಟ್ಟಿಗೆ ನಿಜವಾದ ಸಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೂರೂ ಕಡೆ 2ರಿಂದ 400ರವರೆಗೇ ಇರಬೇಕು. ಒಂದು ಕಡೆ 399 ಆದರೂ #ವ್ಯಾಲ್ಯೂ! ಅಂತ ಮುಖಕ್ಕೆ ಹೊಡೆಯುತ್ತದೆ. ಕೂಡಬೇಕಾದ ಕಾಲಮ್ ಇಲ್ಲಿ ಮೊದಲು ಬರುತ್ತದೆ. ಒಂದೇ ಷರತ್ತು ಹಿಡಿಯುವ ಹಳೇ ಸಮ್‌ಇಫ್‌ನಲ್ಲಿ ಅದು ಕೊನೆಗೆ. 2007ರಲ್ಲಿ ಸಮ್‌ಇಫ್ಸ್ ತಂದಾಗ ಯಾಕೆ ಉಲ್ಟಾ ಮಾಡಿದರು ಅಂದರೆ, ಷರತ್ತುಗಳ ಜೋಡಿ ಹಿಂದೆ ಉದ್ದಕ್ಕೆ ಬೆಳೆಯಬಹುದಲ್ವಾ, ಅದಕ್ಕೆ ಜಾಗ ಬಿಡಬೇಕಿತ್ತು.

ಈಗ ಆ +1. ಮಾರ್ಚ್ 31ರವರೆಗೆ ಅಂದರೆ "<=" ಹಾಕಿದರೆ ಸಾಕಲ್ವಾ ಅಂತ ಕೇಳುತ್ತೀರಿ. ಸಾಲದು. ಎಕ್ಸೆಲ್‌ಗೆ ತಾರೀಖು ಅನ್ನೋದೇ ಇಲ್ಲ, ಇರೋದು ಸಂಖ್ಯೆ. 1900ರ ಜನವರಿ 1 ಅಂದರೆ 1. ಅಲ್ಲಿಂದ ದಿನಕ್ಕೊಂದರಂತೆ ಏರುತ್ತಾ 2024ರ ಮಾರ್ಚ್ 31ಕ್ಕೆ 45382 ಆಗುತ್ತದೆ. (ಈ ಎಣಿಕೆಯಲ್ಲಿ 1900ರ ಫೆಬ್ರವರಿ 29 ಅನ್ನೋ ಇಲ್ಲದ ದಿನವೂ ಸೇರಿದೆ. ಎಕ್ಸೆಲ್‌ಗಿಂತ ಹಳೇ ಸ್ಪ್ರೆಡ್‌ಶೀಟ್ ಸಾಫ್ಟ್‌ವೇರ್ ಲೋಟಸ್ 1-2-3ರಲ್ಲಿದ್ದ ತಪ್ಪು, ಅದರ ಫೈಲ್‌ಗಳ ಜೊತೆ ಹೊಂದಲಿ ಅಂತ ಎಕ್ಸೆಲ್ ಕೂಡ ಗೊತ್ತಿದ್ದೇ ಇಟ್ಟುಕೊಂಡಿತು.) ಗಂಟೆ ನಿಮಿಷಗಳು ದಶಾಂಶದಲ್ಲಿ ಕೂರುತ್ತವೆ. ಮಾರ್ಚ್ 31ರ ಸಂಜೆ 6 ಗಂಟೆ ಅಂದರೆ 45382.75. ಇದು 45382ಕ್ಕಿಂತ ಜಾಸ್ತಿ. ಹಾಗಾಗಿ "<=" ಹಾಕಿದರೆ ಕೊನೇ ದಿನದ ಕೆಲಸ ಸದ್ದಿಲ್ಲದೆ ಜಾರಿಹೋಗುತ್ತದೆ. ಸೆಲ್‌ನಲ್ಲಿ ಸಮಯ ಕಾಣದಂತೆ ಫಾರ್ಮ್ಯಾಟ್ ಮಾಡಿದ್ದರಂತೂ ಇದನ್ನು ಹಿಡಿಯೋದು ಕಷ್ಟ. "ಮರುದಿನಕ್ಕಿಂತ ಮುಂಚೆ" ಅಂತ ಬರೆದುಬಿಟ್ಟರೆ ಸಮಯ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ನಾನಂತೂ ತಾರೀಖಿನ ಕೊನೆಯ ಮಿತಿಗೆ "<=" ಹಾಕೋದನ್ನೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಫಾರ್ಮುಲಾ ಸರಿ ಇದೆ, ಆದರೂ ಮೊತ್ತ ಕಡಿಮೆ. ತಾರೀಖುಗಳನ್ನು ಬೇರೆ ಸಾಫ್ಟ್‌ವೇರ್‌ನಿಂದ ಕಾಪಿ ಮಾಡಿದ್ದು. ಕೆಲವು ಸೆಲ್‌ನ ಎಡಕ್ಕೆ, ಕೆಲವು ಬಲಕ್ಕೆ ಅಂಟಿಕೊಂಡಿವೆ.

ಉತ್ತರ: ಎಡಬಲ ಗಮನಿಸಿದ್ದೀರಲ್ಲ, ಅರ್ಧ ಕೆಲಸ ಮುಗಿಯಿತು. ನೀವಾಗಿ ಅಲೈನ್ ಮಾಡದಿದ್ದರೆ ಬಲಕ್ಕೆ ಇರುವವು ನಿಜವಾದ ತಾರೀಖು, ಎಡಕ್ಕೆ ಇರುವವು ತಾರೀಖಿನ ವೇಷದ ಅಕ್ಷರ. ದೊಡ್ಡದು ಚಿಕ್ಕದು ಅಂತ ಹೋಲಿಸುವಾಗ ಸಮ್‌ಇಫ್ಸ್ ಈ ಎಡದವನ್ನು ಮುಟ್ಟುವುದೇ ಇಲ್ಲ.

ಆದರೆ ನನಗೆ ಹೆಚ್ಚು ಭಯ ಬಲಕ್ಕಿರುವವುಗಳದ್ದು. ನಿಮ್ಮ ಕಂಪ್ಯೂಟರ್ ತಿಂಗಳನ್ನು ಮೊದಲು ಓದುವ ಸೆಟ್ಟಿಂಗ್‌ನಲ್ಲಿದೆ ಅಂದುಕೊಳ್ಳಿ. 13/03/2024 ಬಂದಾಗ 13ನೇ ತಿಂಗಳು ಇಲ್ಲ ಅಂತ ಅಕ್ಷರವಾಗಿ ಬಿಟ್ಟುಬಿಡುತ್ತದೆ. 05/03/2024 ಬಂದಾಗ ಮಾತ್ರ ಖುಷಿಯಿಂದ ಮೇ 3 ಮಾಡಿಬಿಡುತ್ತದೆ! ಸೆಲ್ ಫಾರ್ಮ್ಯಾಟನ್ನು ಜನರಲ್ ಮಾಡಿ ನೋಡಿ. ಮಾರ್ಚ್ 5 ಆಗಿದ್ದರೆ 45356 ಇರಬೇಕು. 45415 ಕಂಡರೆ ಅದು ಮೇ 3. ಎಡಕ್ಕಿರುವವನ್ನಷ್ಟೇ ರಿಪೇರಿ ಮಾಡಿದರೆ ಈ ತಿರುಗುಮುರುಗು ಹಾಗೇ ಉಳಿಯುತ್ತದೆ. ಆದ್ದರಿಂದ ಕಾಲಮ್ ಪೂರ್ತಿ ಅಳಿಸಿ, ಟೆಕ್ಸ್ಟ್ ಫಾರ್ಮ್ಯಾಟ್ ಕೊಟ್ಟು, ಮೂಲದಿಂದ ಮತ್ತೆ ಪೇಸ್ಟ್ ಮಾಡಿ, ಬರೀ ಅಕ್ಷರಗಳಾಗಿ. ಆಮೇಲೆ ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್‌ಗೆ ಹೋಗಿ, ಮೂರನೇ ಹಂತದಲ್ಲಿ ಡೇಟ್ ಆರಿಸಿ, ಡಿಎಂವೈ (ದಿನ, ತಿಂಗಳು, ವರ್ಷ ಅನ್ನೋ ಕ್ರಮ) ಕೊಡಿ.

ಪ್ರಶ್ನೆ: ಮಾರ್ಚ್‌ನಲ್ಲಿ ಶುರುವಾದ ಅಥವಾ ಮಾರ್ಚ್‌ನಲ್ಲಿ ಮುಗಿದ ಕೆಲಸಗಳ ಗಂಟೆ ಬೇಕು. ಎರಡು ಸಮ್‌ಇಫ್ಸ್ ಕೂಡಿಸಿದರೆ ಜಾಸ್ತಿ ಬರುತ್ತಿದೆ.

ಉತ್ತರ: ಮಾರ್ಚ್‌ನಲ್ಲೇ ಶುರುವಾಗಿ ಮಾರ್ಚ್‌ನಲ್ಲೇ ಮುಗಿದದ್ದು ಎರಡು ಸಲ ಬಂತು, ಅಷ್ಟೇ. ಎರಡೂ ಷರತ್ತು ಸೇರಿಸಿದ ಮೂರನೇ ಸಮ್‌ಇಫ್ಸ್ ಬರೆದು ಕಳೆಯಿರಿ.

ಆದರೆ ನಿಮಗೆ ನಿಜವಾಗಿ ಬೇಕಿರೋದು ಇದೇನಾ? ನನಗೆ ಅನುಮಾನ. ಫೆಬ್ರವರಿಯಲ್ಲಿ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿದ ಕೆಲಸ ಮಾರ್ಚ್ ಪೂರ್ತಿ ನಡೆದಿದ್ದರೂ ಇದರಲ್ಲಿ ಬರುವುದಿಲ್ಲ. ಮಾರ್ಚ್‌ನಲ್ಲಿ ಒಂದು ದಿನವಾದರೂ ನಡೆದ ಕೆಲಸ ಬೇಕಾದರೆ "ಅಥವಾ" ಬೇಡವೇ ಬೇಡ. ಶುರುವಾದದ್ದು ಏಪ್ರಿಲ್ 1ಕ್ಕಿಂತ ಮುಂಚೆ, ಮುಗಿದದ್ದು ಮಾರ್ಚ್ 1 ಅಥವಾ ಆಮೇಲೆ, ಇವೆರಡೇ ಷರತ್ತು ಸಾಕು. ಆದರೆ ಗಂಟೆಗಳು ಆ ಸಾಲಿನದ್ದು ಪೂರ್ತಿ ಸೇರುತ್ತವೆ, ಮಾರ್ಚ್‌ನ ಪಾಲು ಮಾತ್ರ ಅಲ್ಲ. ಇನ್ನೂ ನಡೆಯುತ್ತಿರುವ ಕೆಲಸಕ್ಕೆ ಮುಗಿದ ದಿನ ಖಾಲಿ ಬಿಟ್ಟಿದ್ದರೆ ಆ ಸಾಲು ಇದರಲ್ಲಿ ಬರುವುದಿಲ್ಲ. ಅವುಗಳಿಗೆ ಇನ್ನೊಂದು ಸಮ್‌ಇಫ್ಸ್ ಬರೆದು ಕೂಡಿಸಿ: ಎ ಕಾಲಮ್‌ಗೆ ಅದೇ ಷರತ್ತು, ಬಿ ಕಾಲಮ್‌ಗೆ "=" ಒಂದೇ.