100 ವ್ಯಾಟ್ ಬದಲು 200 ವ್ಯಾಟ್ ಬೇಸ್ ಆಂಪ್ ತಗೊಂಡರೆ ಸದ್ದು ಎರಡು ಪಟ್ಟಾಗುತ್ತಾ?

ಮಂಡ್ಯದಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗೆ ಬೇಸ್ ಗಿಟಾರ್ ನುಡಿಸ್ತೀನಿ, ಅದರ ಸದ್ದು ಹೆಚ್ಚಿಸುವ 100 ವ್ಯಾಟ್ ಆಂಪ್ ಸಾಲ್ತಿಲ್ಲ, ಜೊತೆಗೆ ಫ್ರೆಟ್‌ಲೆಸ್ ಬೇಸ್ (ಕುತ್ತಿಗೆಯ ಮೇಲೆ ಫ್ರೆಟ್ ಅನ್ನುವ ಲೋಹದ ಅಡ್ಡಗೆರೆಗಳಿಲ್ಲದ್ದು) ಮೇಲೂ ಆಸೆ ಅಂದಿದ್ದೀರಿ.

ಸದ್ದು ಎರಡು ಪಟ್ಟಾಗಲ್ಲ. ವ್ಯಾಟ್ ದುಪ್ಪಟ್ಟಾದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತೆ, ಅಷ್ಟೇ. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಪಟ್ಟು ವ್ಯಾಟ್ ಬೇಕು. ಆಂಪಿನ ಹಿಂಬದಿಯನ್ನೂ ಓದಿ. ಟ್ರಾನ್ಸಿಸ್ಟರ್ ಆಂಪಿನಲ್ಲಿ ‘300 ವ್ಯಾಟ್, 4 ಓಮ್’ (ಓಮ್ ಅಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಅಂತಿದ್ದು, ನೀವು 8 ಓಮ್‌ನ ಒಂದೇ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಹಾಕಿದರೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಅದಕ್ಕೇ ನಾನು ಮೊದಲು ನೋಡುವುದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟ್‌ಗೆ ಅದು ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋದು. ಅದು 3 ಡೆಸಿಬೆಲ್ ಜಾಸ್ತಿ ಇದ್ದರೆ ವ್ಯಾಟ್ ದುಪ್ಪಟ್ಟು ಮಾಡಿದ ಹಾಗೇ ಲೆಕ್ಕ. ಪೆಂಡಾಲಿನಲ್ಲಂತೂ ಡಿಐ ಬಾಕ್ಸ್ (ಗಿಟಾರಿನ ಸಿಗ್ನಲ್ಲನ್ನು ನೇರ ಮಿಕ್ಸರ್‌ಗೆ ಹೊಂದುವಂತೆ ಮಾಡುವ ಪುಟ್ಟ ಪೆಟ್ಟಿಗೆ) ಮೂಲಕ ಮೈಕ್‌ಸೆಟ್‌ನವರ ಮಿಕ್ಸರ್‌ಗೆ ಕೊಡಿ, ಜನಕ್ಕೆ ಅವರೇ ಕೇಳಿಸ್ತಾರೆ. ನಿಮ್ಮ ಆಂಪ್ ನಿಮ್ಮ ಕಿವಿಗೆ ಕೇಳಿದರೆ ಸಾಕು.

ಫ್ರೆಟ್‌ಲೆಸ್ ಕೊಳ್ಳುವ ಮುಂಚೆ ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಕೂತು ಅರ್ಧ ಗಂಟೆ ನುಡಿಸಿ ನೋಡಿ. ಮಾಮೂಲಿ ಬೇಸಿನಲ್ಲಿ ಬೆರಳನ್ನು ಫ್ರೆಟ್ಟಿನ ಹಿಂದೆ ಇಡ್ತೀವಿ. ಇಲ್ಲಿ ಫ್ರೆಟ್ ಇರಬೇಕಾದ ಗೆರೆಯ ಮೇಲೇ ಇಡಬೇಕು. ಒಂದೆರಡು ಮಿಲಿಮೀಟರ್ ಜರುಗಿದರೂ ಶ್ರುತಿ ತಪ್ಪುತ್ತೆ. ಆದರೆ ಬೆರಳು ಜಾರಿಸಿದಾಗ ಒಂದು ಸ್ವರ ಇನ್ನೊಂದಕ್ಕೆ ಕರಗುತ್ತಲ್ಲ, ಆ ಗಮಕದ ಸುಖ ಬೇರೆ ಬೇಸಿನಲ್ಲಿ ಸಿಗಲ್ಲ. ಹಾಗೇ ಬೇಸಿನ ಹೆಗಲ ಪಟ್ಟಿ ಹಾಕಿಕೊಂಡು ನಿಂತು ಎಡಗೈ ಬಿಡಿ. ನೆಕ್ (ಬೇಸಿನ ಉದ್ದನೆಯ ಕುತ್ತಿಗೆ) ಕೆಳಕ್ಕೆ ವಾಲಿದರೆ ಆ ಬೇಸ್ ಬೇಡ, ಮೂರು ಗಂಟೆ ನುಡಿಸುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತೆ.