ಇಂಡಿಯನ್ ರೆಸ್ಟೋರೆಂಟಿನ ಟೇಕ್‌ಔಟ್: ಮೊದಲು ‘ಪಾರ್ಸೆಲ್’ ಅನ್ನುವುದನ್ನು ಬಿಡಿ

ಅಮೆರಿಕಕ್ಕೆ ಬಂದು ಎರಡು ವಾರವಾಯಿತು, ಅಡುಗೆಮನೆ ಇನ್ನೂ ಸಜ್ಜಾಗಿಲ್ಲ, ಹತ್ತಿರದಲ್ಲೇ ಒಂದು ಇಂಡಿಯನ್ ರೆಸ್ಟೋರೆಂಟ್ ಇದೆ, ರಾತ್ರಿ ಊಟಕ್ಕೆ ಅಲ್ಲಿಂದ ಏನು ತರಿಸಿದರೆ ಚೆನ್ನ ಎಂದು ಕೇಳಿದ್ದೀರಿ. ಧಾರಾಳವಾಗಿ ತರಿಸಿ. ಆದರೆ ಅಲ್ಲೇ ಕೂತು ತಿಂದಾಗ ರುಚಿಸಿದ್ದೆಲ್ಲ ಡಬ್ಬಿಯಲ್ಲಿ ಇಪ್ಪತ್ತು ನಿಮಿಷ ಮುಚ್ಚಿಟ್ಟ ಮೇಲೂ ರುಚಿಸುವುದಿಲ್ಲ. ದಾರಿ ತಾಳುವ ತಿಂಡಿ ಯಾವುದು, ತಾಳದ್ದು ಯಾವುದು ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

ಫೋನ್ ಎತ್ತುವವರು ನಮ್ಮವರೇ ಆಗಿರಬೇಕೆಂದೇನಿಲ್ಲ. ‘ಪಾರ್ಸೆಲ್’ ಎಂದರೆ ಇಲ್ಲಿ ಅಂಚೆಯಲ್ಲಿ ಬರುವ ಕಟ್ಟು. ‘ಟು ಗೋ’ ಇಲ್ಲವೇ ‘ಪಿಕಪ್’ ಅನ್ನಿ. ಕ್ಯಾಪ್ಸಿಕಂ ಇಲ್ಲಿ ಬೆಲ್ ಪೆಪ್ಪರ್, ಬ್ರಿಂಜಾಲ್ ಎಗ್‌ಪ್ಲಾಂಟ್, ಲೇಡೀಸ್ ಫಿಂಗರ್ ಓಕ್ರಾ, ಕೊತ್ತಂಬರಿ ಸೊಪ್ಪು ಸಿಲಾಂಟ್ರೊ, ಮೊಸರು ಪ್ಲೇನ್ ಯೋಗರ್ಟ್. ಹೆಸರು ಉದ್ದವಿದ್ದರೆ ಮೊದಲ ಎರಡು ಅಕ್ಷರದ ಗಿಡ್ಡ ಹೆಸರು ಕೊಟ್ಟು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳಿಬಿಡಿ. ಇಲ್ಲದಿದ್ದರೆ ಕೌಂಟರಿನಲ್ಲಿ ನಿಮ್ಮ ಚೀಲ ಯಾರದೋ ಹೆಸರಿನಲ್ಲಿ ಆರುತ್ತಿರುತ್ತದೆ. ಎಷ್ಟೋ ಕಡೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ಬಾಗಿಲು ಹಾಕಿರುತ್ತಾರೆ. ಸೋಮವಾರ ರಜೆ ಇರುವವರೂ ಇದ್ದಾರೆ. ಹೊರಡುವ ಮುಂಚೆ ನೋಡಿಕೊಳ್ಳಿ.

ಮೆನು ಬಹುತೇಕ ಪಂಜಾಬಿ ಶೈಲಿಯದು. ಪನೀರ್ ಮಖನಿ, ಟಿಕ್ಕಾ ಮಸಾಲ, ಶಾಹಿ ಪನೀರ್ ಮೂರನ್ನೂ ಒಟ್ಟಿಗೆ ತರಿಸಬೇಡಿ. ಹೆಚ್ಚಿನ ಕಡೆ ಅವು ಒಂದೇ ಈರುಳ್ಳಿ-ಟೊಮೇಟೊ-ಗೋಡಂಬಿ ಗ್ರೇವಿಯ ಮೂರು ವೇಷ. ಮೊದಲ ಸಲಕ್ಕೆ ಒಂದು ದಾಲ್ ತಡ್ಕಾ, ಒಂದು ಒಣ ಪಲ್ಯ (ಆಲೂ ಗೋಬಿ ಅಥವಾ ಬೆಂಡೆಕಾಯಿಯದು), ಎರಡು ನಾನ್, ಅನ್ನ ಸಾಕು. ಕೆನೆ, ಬೆಣ್ಣೆಯ ಹಿಂದೆ ಅಡಗಿಕೊಳ್ಳಲಾಗದ ದಾಲ್‌ನಲ್ಲೇ ಅಡುಗೆಯವನ ಕೈ ಗೊತ್ತಾಗುವುದು. ಗ್ರೇವಿ ಸಾಮಾನ್ಯವಾಗಿ 16 ಔನ್ಸ್ ಡಬ್ಬಿಯಲ್ಲಿ ಬರುತ್ತದೆ, ಅಂದರೆ ಸುಮಾರು 475 ಮಿಲಿ. ಇಂಥ ಎರಡು ಡಬ್ಬಿ ಇಬ್ಬರಿಗೆ ಧಾರಾಳ, ನಾಳೆಗೂ ಉಳಿಯುತ್ತದೆ. ಹಲವು ಕಡೆ ಗ್ರೇವಿಯ ಜೊತೆ ಅನ್ನ ಸೇರಿರುತ್ತದೆ, ನಾನ್ ಸೇರಿರುವುದಿಲ್ಲ. ಕೇಳದೆ ಅನ್ನಕ್ಕೆ ಬೇರೆ ದುಡ್ಡು ಕೊಡಬೇಡಿ.

ಖಾರದ್ದು ದೊಡ್ಡ ಗೊಂದಲ. ಮೈಲ್ಡ್, ಮೀಡಿಯಂ, ಹಾಟ್ ಎಂದು ಕೇಳುತ್ತಾರೆ. ಕೆಲವೆಡೆ ‘ಇಂಡಿಯನ್ ಹಾಟ್’ ಅಂತ ಇನ್ನೊಂದು ಮೆಟ್ಟಿಲು. ಮೂಲ ಗ್ರೇವಿ ಬೆಳಿಗ್ಗೆಯೇ ಸಪ್ಪೆಯಾಗಿ ಬೆಂದು ಕೂತಿರುತ್ತದೆ, ಆರ್ಡರ್ ಬಂದ ಮೇಲೆ ಖಾರದ ಪುಡಿ ಬೆರೆಸುತ್ತಾರೆ. ಹಾಗಾಗಿ ‘ತುಂಬಾ ಹಾಟ್’ ಅಂದರೆ ರುಚಿ ಏರುವುದಿಲ್ಲ, ಹಸಿ ಖಾರದ ಘಾಟು ಏರುತ್ತದೆ. ಮೀಡಿಯಂ ಹೇಳಿ, ಜೊತೆಗೆ ಹಸಿಮೆಣಸಿನಕಾಯಿ, ಈರುಳ್ಳಿ, ನಿಂಬೆಹೋಳು ಬೇರೆಯಾಗಿ ಕೇಳಿ.

ಸಸ್ಯಾಹಾರಿಗಳಾಗಿದ್ದರೆ ‘ವೆಜಿಟೇರಿಯನ್’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಇಲ್ಲಿ ಆ ಮಾತಿನಲ್ಲಿ ಮೊಟ್ಟೆಯೂ ಸೇರಬಹುದು. ನಾನ್ ಹಿಟ್ಟಿಗೆ ಮೊಟ್ಟೆ ಹಾಕುತ್ತೀರಾ, ಸೂಪಿಗೆ ಚಿಕನ್ ಬ್ರಾತ್ ಹಾಕುತ್ತೀರಾ, ಪಕೋಡ ಕರಿಯುವ ಎಣ್ಣೆಯಲ್ಲೇ ಚಿಕನ್ ಕರಿಯುತ್ತೀರಾ ಎಂದು ಮೂರು ಪ್ರಶ್ನೆ ಕೇಳಿ. ಗೋಡಂಬಿ ಅಲರ್ಜಿ ಇದ್ದವರು ಕುರ್ಮ, ಮಖನಿ ಎರಡನ್ನೂ ಕೇಳದೆ ಮುಟ್ಟಬಾರದು. ಗೋಧಿ ಆಗದವರು ಇಂಗಿನ ಬಗ್ಗೆಯೂ ಕೇಳಲಿ. ಡಬ್ಬಿಯ ಇಂಗಿಗೆ ಹಲವು ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ.

ದೋಸೆ ಮಾತ್ರ ದಯವಿಟ್ಟು ಬೇಡ. ಮುಚ್ಚಿದ ಡಬ್ಬಿಯಲ್ಲಿ ತನ್ನದೇ ಆವಿಗೆ ಹತ್ತು ನಿಮಿಷದಲ್ಲಿ ಒದ್ದೆ ಬಟ್ಟೆಯಾಗುತ್ತದೆ. ಅಲ್ಲೇ ತಿನ್ನಿ, ಇಲ್ಲವೇ ಇಡ್ಲಿ ತನ್ನಿ. ನಾನ್‌ಗೂ ಇದೇ ಕಾಯಿಲೆ, ಆದರೆ ಮದ್ದಿದೆ: ಫಾಯಿಲ್‌ನ ತುದಿ ಬಿಡಿಸಿ ಆವಿ ಹೋಗಲು ಬಿಡಿ. ಮನೆಯಲ್ಲಿ ಒದ್ದೆ ಕೈ ಸವರಿ, ಕಾದ ತವಾದ ಮೇಲೆ ಒಂದೊಂದು ಬದಿ ಅರ್ಧ ನಿಮಿಷ. ಮೈಕ್ರೋವೇವ್‌ನಲ್ಲಿ ಇಟ್ಟರೆ 15 ಸೆಕೆಂಡಿಗಿಂತ ಹೆಚ್ಚು ಬೇಡ, ಚರ್ಮವಾಗುತ್ತದೆ. ಸಮೋಸಕ್ಕೆ ಓವನ್ನೇ ಬೇಕು: 350 ಡಿಗ್ರಿ ಫ್ಯಾರನ್‌ಹೀಟ್, ಹತ್ತು ನಿಮಿಷ.

ದುಡ್ಡಿನ ವಿಷಯ. ಮೆನು ಬೆಲೆಗೆ ಸೇಲ್ಸ್ ಟ್ಯಾಕ್ಸ್ ಸೇರಿರುವುದಿಲ್ಲ, ರಾಜ್ಯ ಮತ್ತು ಊರಿನ ಪ್ರಕಾರ ಅದು ಬೇರೆ ಬೇರೆ. ಒರೆಗಾನ್‌ನಲ್ಲಿ ಇಲ್ಲವೇ ಇಲ್ಲ. ನೀವೇ ಹೋಗಿ ತರುವಾಗಲೂ ಕಾರ್ಡ್ ಯಂತ್ರ 18, 20, 22 ಪರ್ಸೆಂಟ್ ಟಿಪ್ ತೋರಿಸುತ್ತದೆ. ಅದು ಬಡಿಸುವವರಿಗೆ ಕೊಡುವ ರೂಢಿ. ಪಿಕಪ್‌ಗೆ ಒಂದೆರಡು ಡಾಲರ್ ಕೊಟ್ಟರೂ ಸರಿ, ಕೊಡದಿದ್ದರೂ ಯಾರೂ ತಪ್ಪು ತಿಳಿಯರು. ಮನೆಗೆ ತಂದುಕೊಡುವ ಡ್ರೈವರಿಗೆ ಮಾತ್ರ ಕೊಡಲೇಬೇಕು. ಆ್ಯಪ್‌ನಲ್ಲಿ ತಿನಿಸಿನ ಬೆಲೆಯೇ ಹಲವು ಸಲ ಹೆಚ್ಚು, ಮೇಲೆ ಡೆಲಿವರಿ ಶುಲ್ಕ, ಸರ್ವಿಸ್ ಶುಲ್ಕ. ನಡೆದು ಹೋಗುವಷ್ಟು ದೂರವಿದ್ದರೆ ನೇರ ಫೋನ್ ಮಾಡುವುದೇ ಲಾಭ. ಕೌಂಟರ್ ಬಿಡುವ ಮೊದಲು ಚೀಲ ಬಿಚ್ಚಿ ನೋಡಿ. ಮರೆತು ಉಳಿಯುವುದು ಯಾವಾಗಲೂ ಅನ್ನ ಅಥವಾ ರಾಯತ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ‘ರಾತ್ರಿಯೆಲ್ಲ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡೋಣ’ ಅನ್ನುವುದು ಬೇಡ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಊಟ ಫ್ರಿಜ್ಜಿನಲ್ಲಿ ಮೂರು-ನಾಲ್ಕು ದಿನ ಬಾಳುತ್ತದೆ. ಬಿಸಿ ಮಾಡುವಾಗ ಒಂದು ಕಪ್ ಅನ್ನಕ್ಕೆ ಒಂದು ಚಮಚ ನೀರು ಚಿಮುಕಿಸಿ ಮುಚ್ಚಿ, ಒಳಗಿನವರೆಗೂ ಹಬೆಯಾಡಲಿ. ಅಲ್ಯೂಮಿನಿಯಂ ತಟ್ಟೆಯನ್ನು ಮೈಕ್ರೋವೇವ್‌ಗೆ ಇಡಬೇಡಿ. ಪ್ಲಾಸ್ಟಿಕ್ ಡಬ್ಬಿಯ ತಳದ ತ್ರಿಕೋನದಲ್ಲಿ 5 ಇದ್ದು, ಮೈಕ್ರೋವೇವ್ ಗುರುತೂ ಇದ್ದರೆ ಇಡಬಹುದು. 6 ಇದ್ದರೆ ಪಿಂಗಾಣಿ ಬಟ್ಟಲಿಗೆ ಸುರಿದುಕೊಳ್ಳಿ.