ಸ್ಟೆಂಟ್ ಇರೋರಿಗೆ ಹಲ್ಲು ಕೀಳುವಾಗ ಮಂಪರು ಕೊಡಿಸ್ಬಹುದಾ?

ಅಮ್ಮನಿಗೆ ಸ್ಟೆಂಟ್ (ಹಾರ್ಟಿನ ರಕ್ತನಾಳ ಮುಚ್ಕೊಳ್ದ ಹಾಗೆ ಒಳಗಿಡೋ ಸಣ್ಣ ಜಾಲರಿ ಕೊಳವೆ) ಇದೆ, ಎರಡು ದವಡೆ ಹಲ್ಲು ಕೀಳಿಸ್ಬೇಕು, ಮಂಪರು ಕೊಟ್ರೆ ಹಾರ್ಟಿಗೆ ತೊಂದ್ರೆ ಆಗುತ್ತಾ ಅಂತ ಕೇಳಿದೀರ. ನಾನು ಡಾಕ್ಟರಲ್ಲ, ಮಂಡ್ಯದೋನು. ಸ್ಟೆಂಟ್ ಇರೋ ನಮ್ಮಪ್ಪನ್ನ ಇದಕ್ಕೇ ಅಂತ ಮೈಸೂರಿಗೆ ನಾಲ್ಕು ಸಲ ಕರ್ಕೊಂಡು ಹೋಗಿದೀನಿ, ಆಗ ತಿಳಿದಿದ್ದು ಹೇಳ್ತೀನಿ.

ನಮ್ಮಪ್ಪ ಕಬ್ಬಿನ ಗದ್ದೇಲಿ ಹಾವು ಕಂಡ್ರೂ ಅಲ್ಲಾಡಲ್ಲ, ಆದ್ರೆ ಹಲ್ಲಿನ ಡಾಕ್ಟರ ಕುರ್ಚೀಲಿ ಕೂತಿದ್ದೇ ತಡ ಬಿಪಿ 180 ದಾಟ್ತು, ವಾಪಸ್ ಕಳಿಸಿದ್ರು. ಹಾರ್ಟ್ ಡಾಕ್ಟರ್ ಹೇಳಿದ್ದೇನಂದ್ರೆ, ಹೆದರಿದ್ರೆ ಮೈಯೇ ಅಡ್ರಿನಲಿನ್ ಅನ್ನೋ ಹಾರ್ಮೋನ್ ಬಿಡುತ್ತೆ, ಬಡಿತ ಏರುತ್ತೆ ಬಿಪಿ ಏರುತ್ತೆ, ಹಾರ್ಟಿಗೆ ಕೆಲಸ ಜಾಸ್ತಿ, ಹಂಗಾಗಿ ಇಂಥೋರಿಗೆ ಸ್ವಲ್ಪ ಮಂಪರು ಕೊಟ್ಟು ಮಾಡೋದೇ ವಾಸಿ ಅಂತ. ಪೂರ್ತಿ ಪ್ರಜ್ಞೆ ತಪ್ಪಿಸೋದಲ್ಲ ಕಣ್ರೀ, ಮಾತಾಡಿಸಿದ್ರೆ ಊಂ ಅಂತಾರೆ. ಅಪ್ಪನಿಗೆ ಮೂಗಿಗೆ ಮಾಸ್ಕ್ ಇಟ್ಟು ನೈಟ್ರಸ್ ಆಕ್ಸೈಡ್ ಅನ್ನೋ ಮಂಪರಿನ ಗ್ಯಾಸನ್ನ ಆಕ್ಸಿಜನ್ ಜೊತೆ ಕೊಟ್ರು, ಮುಗಿದ್ಮೇಲೆ ಐದು ನಿಮಿಷ ಬರೀ ಆಕ್ಸಿಜನ್, ಅಷ್ಟೇ, ಮಂಪರು ಇಳೀತು. ಎದ್ದು "ಕಿತ್ತಾಯ್ತೇನ್ಲಾ?" ಅಂದ್ರು.

ಮಂಪರು ಕೊಟ್ರೂ ಮರಗಟ್ಟಿಸೋ ಇಂಜೆಕ್ಷನ್ ಬೇಕೇ ಬೇಕು, ಅದ್ರಲ್ಲೂ ಸಾಮಾನ್ಯವಾಗಿ ಅಡ್ರಿನಲಿನ್ ಇರುತ್ತೆ. ಹಾರ್ಟ್ ಪೇಷಂಟಿಗೆ ಆ ಅಡ್ರಿನಲಿನ್ ಒಂದು ಸಲಕ್ಕೆ ಒಟ್ಟು 0.04 ಮಿಲಿಗ್ರಾಂ ದಾಟದ ಹಾಗೆ ನೋಡ್ಕೋತಾರೆ. ಹಾಗಂತ ಅದು ಬೇಡವೇ ಬೇಡ ಅನ್ನೋದೂ ತಪ್ಪು, ಸರಿಯಾಗಿ ಮರಗಟ್ಟದೆ ನೋವಾದ್ರೆ ಮೈ ಬಿಡೋ ಅಡ್ರಿನಲಿನ್ನೇ ಅದಕ್ಕಿಂತ ಜಾಸ್ತಿ ಆಗ್ಬಹುದು. ನಮ್ಮಪ್ಪನಿಗೂ ಎರಡು ಹಲ್ಲು ಕೀಳೋದಿತ್ತು, ಎರಡೂ ಒಂದೇ ದಿನ ಬೇಡ ಅಂದ್ರು.

ನಂಗೆ ಇನ್ನೂ ಸಿಟ್ಟು ಬರೋದು ಬೇರೆ ವಿಷ್ಯಕ್ಕೆ. ಮೊದಲು ತೋರಿಸಿದ ಕ್ಲಿನಿಕ್ಕಲ್ಲಿ, ಹೆಸರು ಬೇಡ, ರಕ್ತ ತೆಳು ಮಾಡೋ ಮಾತ್ರೆ ಐದು ದಿನ ನಿಲ್ಸಿ ಬನ್ನಿ ಅಂದ್ಬಿಟ್ರು. ಹಾರ್ಟ್ ಡಾಕ್ಟರ್ ಕೇಳಿ ಬೈದ್ರು: ವಸಡಲ್ಲಿ ರಕ್ತ ಬಂದ್ರೆ ಹತ್ತಿ ಕಚ್ಚಿಸಿ, ಹೊಲಿಗೆ ಹಾಕಿ ನಿಲ್ಲಿಸ್ಬಹುದು, ಸ್ಟೆಂಟಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಬರುತ್ತೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಏನೇ ಇರ್ಲಿ, ಹಾರ್ಟ್ ಡಾಕ್ಟರನ್ನ ಕೇಳದೆ ಒಂದು ದಿನಾನೂ ಬಿಡಿಸ್ಬೇಡಿ. ಸ್ಟೆಂಟ್ ಹೊಸದಾಗಿದ್ರೆ, ಅರ್ಜೆಂಟ್ ಇಲ್ಲದಿದ್ರೆ ಹಲ್ಲಿನ ಕೆಲಸಾನೇ ಮುಂದಕ್ಕೆ ಹಾಕ್ತಾರೆ. ಆ್ಯಂಟಿಬಯಾಟಿಕ್ ಮುಂಚೆನೇ ಕೊಡೋದು ಹಾರ್ಟಲ್ಲಿ ಕೃತಕ ವಾಲ್ವ್ ಇರೋಂಥೋರಿಗೆ, ಬರೀ ಸ್ಟೆಂಟಿಗಲ್ಲ.

ಸಣ್ಣ ಕ್ಲಿನಿಕ್ಕಲ್ಲಿ ಮಂಪರಿಗೆ ಒಪ್ಕೋಬೇಡಿ, ಅನಸ್ತೇಷಿಯಾ ಡಾಕ್ಟರು, ಮಾನಿಟರು ಇರೋ ಆಸ್ಪತ್ರೆಗೇ ಹೋಗಿ. ಮಾತ್ರೆ ಚೀಟಿ, ಇಸಿಜಿ, ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟ್ ತಗೊಂಡೋಗಿ, ಬೆಳಗ್ಗಿನ ಬಿಪಿ ಮಾತ್ರೆ ತಗೋಬೇಕಾ, ಏನೂ ತಿನ್ನದೆ ಬರ್ಬೇಕಾ ಹಿಂದಿನ ದಿನಾನೇ ಕೇಳ್ಕೊಳ್ಳಿ. ವಾಪಸ್ ಬರುವಾಗ ಬಸ್ಸಲ್ಲಿ ಒಬ್ಬರೇ ಬಿಡ್ಬೇಡಿ.